ಹದಿನಾಲ್ಕನೇ ಪುಟದ ಸಂರಕ್ಷಿತ ತಪ್ಪು

"ಬೆಂಕಿ ಎಲ್ಲೂ ಬಿದ್ದಿಲ್ಲ ಮೇಡಂ. ಕೈಪಿಡೀಲಿ ಏನಿದೆಯೋ ಅದನ್ನೇ ಒತ್ತಿದ್ದೀನಿ," ಅಂದ ಗಂಟೆಯಣ್ಣ.

ಅವನನ್ನ ಯಾರೂ ಏನೂ ಕೇಳಿರಲಿಲ್ಲ. ಕೇಳೋ ಹಾಗೂ ಇರಲಿಲ್ಲ, ಗಂಟೆ ಹೊಡ್ಕೊತಾನೇ ಇತ್ತು. ಶಾಲೆಯ ದೊಡ್ಡ ಮೇಡಂ ಮೇಜಿನ ಆ ಕಡೆ ಕೂತು, ಎರಡು ಕಿವಿಗೆ ಎರಡು ಬೆರಳು ಕೊಟ್ಕೊಂಡು ಗೋಡೆ ಗಡಿಯಾರ ನೋಡ್ತಿದ್ರು. ಮೂವತ್ತೆಂಟನೇ ನಿಮಿಷಕ್ಕೆ ಗಂಟೆ ನಿಂತಿತು. ಮೇಡಂ ಬೆರಳು ತೆಗೆದ್ರು.

"ಈಗ ಹೇಳು."

"ಬೆಂಕಿ ಎಲ್ಲೂ ಬಿದ್ದಿಲ್ಲ ಮೇಡಂ."

ವಿಷಯ ಇಷ್ಟೇ. ಸದರಿ ಶಾಲೆಯ ಗಂಟೆಯನ್ನು ಒಂದು ಸಾಫ್ಟ್‌ವೇರ್ ಬಾರಿಸುತ್ತದೆ. ಪುಕ್ಕಟೆ ಸಾಫ್ಟ್‌ವೇರ್. ಓಪನ್ ಸೋರ್ಸ್ ಅಂತಾರೆ. ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆ ಬಿಟ್ಟಿದ್ದು, ಯಾರು ಬೇಕಾದ್ರೂ ತಗೋಬಹುದು, ಯಾರು ಬೇಕಾದ್ರೂ ತಿದ್ದಬಹುದು. ಇಪ್ಪತ್ತೆರಡು ವರ್ಷ ಹಗ್ಗ ಎಳೆದು ಗಂಟೆ ಹೊಡೆದ ಗಂಟೆಯಣ್ಣನ ಮುಂದೆ ಈಗ ಒಂದು ಕಂಪ್ಯೂಟರು, ಪಕ್ಕದಲ್ಲಿ ಒಂದರಿಂದ ಒಂಬತ್ತರವರೆಗೆ ಗುಂಡಿ. ಮಿಕ್ಕ ಗಂಟೆಗಳು ತಾವೇ ಹೊಡ್ಕೊಂಡು ತಾವೇ ಸುಮ್ಮನಾಗ್ತವೆ. ಬೆಳಗಿನ ಮೊದಲನೇದನ್ನ ಮಾತ್ರ, ಮಕ್ಕಳೆಲ್ಲ ಒಳಗೆ ಬಂದ್ರು ಅಂತ ನೋಡ್ಕೊಂಡು ಕೈಯಿಂದ ನಿಲ್ಲಿಸಬೇಕು. ಅದಕ್ಕೆ ಕೈಪಿಡಿಯ ಹದಿನಾಲ್ಕನೇ ಪುಟದಲ್ಲಿ ಹೀಗಿದೆ: 'ನಿಲ್ಲಿಸಲು ಏಳು ಒತ್ತಿ.' ಬರೆದೋರ ಬೆರಳು ಜಾರಿದೆ ಅಷ್ಟೇ. ಏಳು ಅನ್ನೋದು ಬೆಂಕಿ ಗಂಟೆ. ಒಂದ್ಸಲ ಒತ್ತಿದ್ರೆ ಮೂವತ್ತೆಂಟು ನಿಮಿಷ ಯಾರಪ್ಪನ ಮಾತೂ ಕೇಳಲ್ಲ.

"ಒಂದು ಒತ್ತಿದ್ರೆ ನಿಲ್ಲುತ್ತೆ ಮೇಡಂ. ಒಂದ್ಸಲ ಕೈತಪ್ಪಿ ಒತ್ತಿದ್ದೆ, ಟಪ್ ಅಂತ ನಿಂತೋಯ್ತು."

"ಹಾಗಂತ ಕೈಪಿಡೀಲಿ ಇದೆಯಾ?"

"ಇಲ್ಲ."

"ಹಾಗಾದ್ರೆ ನಿಂತಿಲ್ಲ."

ಮೇಡಂ ಹಿಂದಿನ ಗೋಡೆ ಮೇಲೆ ಅವರದೇ ಸುತ್ತೋಲೆ ಅಂಟಿಸಿತ್ತು: 'ಯಂತ್ರಗಳ ವಿಷಯದಲ್ಲಿ ಕೈಪಿಡಿಯಲ್ಲಿ ಇರುವುದನ್ನೇ ಮಾಡತಕ್ಕದ್ದು. ಇಲ್ಲದ್ದನ್ನು ಮಾಡಿ ಸರಿಹೋದಲ್ಲಿ, ಸರಿಹೋದದ್ದಕ್ಕೆ ಮಾಡಿದವರೇ ಹೊಣೆ.' ಕೆಳಗೆ ಗಂಟೆಯಣ್ಣನ ಸಹಿಯೂ ಇತ್ತು.

"ನೋಡು, ಗಣಿತದ ಮೇಷ್ಟ್ರು ನಾಲ್ಕು ತಿಂಗಳಿಂದ ಮೊದಲ ಪೀರಿಯಡ್ ಸನ್ನೇಲೇ ಮಾಡ್ತಿದಾರೆ. ಭಾಗಾಕಾರ ಬಂದಾಗ ಅವರಿಗೆ ಬೆರಳು ಸಾಲ್ತಿಲ್ಲ. ತಿಂಗಳ ಕೊನೆವರೆಗೂ ಟೈಮು. ಕೈಪಿಡಿ ತಿದ್ದಿಸ್ಕೊಂಡು ಬಾ. ಇಲ್ಲಾಂದ್ರೆ ನೆಲಮಾಳಿಗೆಗೆ ಹೋಗು, ಮುರಿದ ಬೆಂಚು ಕಾಯೋಕೆ."

ನೆಲಮಾಳಿಗೆಗೆ ಹೋದೋರು ಮೇಲೆ ಬಂದಿದ್ದು ಈ ಶಾಲೆಯ ಇತಿಹಾಸದಲ್ಲಿ ಇಲ್ಲ. ಹಿಂದಿನ ಡ್ರಿಲ್ ಮೇಷ್ಟ್ರು ಇನ್ನೂ ಅಲ್ಲೇ ಇದಾರೆ ಅಂತ ಸುದ್ದಿ.

ಮನೇಲಿ ಗಂಟೆಯಣ್ಣನ ನಾದಿನಿ ಇದ್ದಳು. ಕಂಪ್ಯೂಟರ್ ಓದೋಕೆ ಹೋಗಿ, ಎರಡನೇ ವರ್ಷದಲ್ಲಿ ಕಾಲೇಜಿಗೂ ತನಗೂ ಸರಿಹೋಗಲ್ಲ ಅಂತ ಗೊತ್ತಾಗಿ, ಅಕ್ಕನ ಮನೆಗೆ ಬಂದು ಸೋಫಾ ಹಿಡಿದೋಳು.

"ಅಯ್ಯೋ ಭಾವ, ಏಳನ್ನ ಒಂದು ಮಾಡೋದಾ? ಟೀ ಆರೋದ್ರೊಳಗೆ ಮಾಡ್ಕೊಡ್ತೀನಿ."

ಮಾಡಿಯೂ ಮಾಡಿದಳು. ತಿದ್ದಿ ಕಳಿಸಿದಳು. ಟೀ ಆರೋದ್ರೊಳಗೆ ಉತ್ತರವೂ ಬಂತು.

'ಮಾನ್ಯರೇ, ಸಣ್ಣ ತಪ್ಪುಗಳನ್ನು ಹೊಸಬರಿಗಾಗಿ ಕಾಯ್ದಿರಿಸಲಾಗಿದೆ. ತಾವು ಎರಡು ವರ್ಷದ ಹಿಂದೆ ಇಪ್ಪತ್ತನೇ ಪುಟದಲ್ಲಿ ಒಂದು ಪೂರ್ಣವಿರಾಮ ಇಟ್ಟಿರುವುದರಿಂದ ತಮ್ಮನ್ನು ಹಿರಿಯರೆಂದು ಪರಿಗಣಿಸಲಾಗಿದೆ. ಹಿರಿಯರು ದೊಡ್ಡ ಕೆಲಸಗಳನ್ನು ಮಾತ್ರ ಮಾಡತಕ್ಕದ್ದು. ಉದಾಹರಣೆಗೆ, ಇಡೀ ಸಾಫ್ಟ್‌ವೇರನ್ನು ಮೊದಲಿನಿಂದ ಬರೆಯುವುದು.'

"ಚುಕ್ಕೆ ಇಟ್ಟಿದ್ಯಾ ನೀನು?"

"ಟೀ ಶರ್ಟ್ ಕೊಡ್ತಿದ್ರು ಭಾವ. ಇಡೀ ಕ್ಲಾಸು ಇಟ್ಟಿದ್ವಿ."

ಸರಿ, ಗಂಟೆಯಣ್ಣನೇ ಹೊಸಬ ಅಂತ ಅರ್ಜಿ ಹಾಕಿದ. ಅವನಿಗೆ ಟೋಕನ್ ಬಂತು. ಸಾವಿರದ ಇನ್ನೂರ ಆರು.

ಇದೇನೋ ಎಡವಟ್ಟಾಗಿದೆ ಅಂದ್ಕೊಂಡು ಆ ಸಾಫ್ಟ್‌ವೇರಿನ ಪಾಲಕರಿಗೇ ವೀಡಿಯೊ ಕಾಲ್ ಮಾಡಿದರು. ಕೈಪಿಡೀಲಿ ಏನು ಬರಬೇಕು, ಏನು ಹೋಗಬೇಕು ಅಂತ ತೀರ್ಮಾನ ಮಾಡೋರು ಅವರೇ. ಬನಿಯನ್ ಮೇಲಿದ್ದರೂ ಮುಖದಲ್ಲಿ ಗಾಂಭೀರ್ಯ ಇತ್ತು.

"ನಾವು ಶುರು ಮಾಡ್ದಾಗ ನಾಲ್ಕು ಸಾವಿರ ತಪ್ಪಿತ್ತು," ಅಂದ್ರು ಪಾಲಕರು. "ಕಣ್ಣು ಹಾಯಿಸಿದಲ್ಲೆಲ್ಲ ತಪ್ಪು. ಜನ ಹಿಂದೆ ಮುಂದೆ ನೋಡದೆ ತಿದ್ದಿದ್ರು. ಒಬ್ಬ ಮಹಾನುಭಾವ ಒಂದೇ ಭಾನುವಾರ ಮುನ್ನೂರು ತಿದ್ದಿ ಮಲಗಿದ. ಮುಂದಿನ ಪೀಳಿಗೆಗೆ ಏನಾದ್ರೂ ಉಳಿಸಬೇಕು ಅನ್ನೋ ಪರಿವೆ ಬೇಡ್ವಾ?"

"ಈಗ ಎಷ್ಟಿದೆ ಸ್ವಾಮಿ?"

"ಒಂಬತ್ತು." ಪಾಲಕರು ಕನ್ನಡಕ ಒರೆಸ್ಕೊಂಡರು. "ಒಂದು ತಪ್ಪು ತಿದ್ದಿದ್ರೆ ಒಂದು ಸರ್ಟಿಫಿಕೇಟು. ಅದಿಲ್ದೆ ಹುಡುಗರಿಗೆ ಕೆಲಸ ಸಿಗಲ್ಲ. ಸಾವಿರಾರು ಜನ ಸಾಲಲ್ಲಿ ನಿಂತಿದಾರೆ. ನಿಮಗೊಬ್ಬರಿಗೆ ಬೇಕು ಅಂತ ಹೆಂಗೆ ಕೊಡ್ಲಿ?"

"ನನಗೆ ಸರ್ಟಿಫಿಕೇಟ್ ಬೇಡ. ಗಂಟೆ ನಿಂತ್ರೆ ಸಾಕು."

"ಸರ್ಟಿಫಿಕೇಟ್ ಬೇಡ ಅಂತ ತಿದ್ದೋಕೆ ಬರೋರ ಮೇಲೆ ನಮಗೆ ಸ್ವಲ್ಪ ಅನುಮಾನ," ಅಂದ್ರು ಪಾಲಕರು. ಆಮೇಲೆ ಮೆತ್ತಗಾಗಿ, "ಒಂದು ದಾರಿ ಇದೆ. ತಪ್ಪಿನ ದಾಸ್ತಾನು ಏರಿದ್ರೆ ಸಾಲು ಬೇಗ ಸರಿಯುತ್ತೆ. ಅದು ಹಿರಿಯರು ಮಾಡೋ ಕೆಲಸ. ಪ್ರಕಟಣೆ ಓದಿಲ್ವಾ?"

ಪ್ರಕಟಣೆ ಹೀಗಿತ್ತು: 'ತಪ್ಪು ಮರುಪೂರಣ ಯೋಜನೆಯಡಿ ಅನುಭವಿಗಳಿಂದ ತಪ್ಪುಗಳನ್ನು ಆಹ್ವಾನಿಸಲಾಗಿದೆ. ತಪ್ಪುಗಳು ಸಹಜವಾಗಿರಬೇಕು. ಬೇಕಂತಲೇ ಮಾಡಿದಂತೆ ಕಾಣುವ ತಪ್ಪುಗಳನ್ನು ತಪ್ಪೆಂದು ಪರಿಗಣಿಸಲಾಗುವುದಿಲ್ಲ.'

ನಾದಿನಿ ಸೋಫಾದಿಂದ ಎದ್ದು ಕೂತಳು. ಆ ಮನೆಯಲ್ಲಿ ಅದನ್ನ ಯಾರೂ ಅದುವರೆಗೂ ನೋಡಿರಲಿಲ್ಲ.

ಹನ್ನೊಂದು ದಿನ ಅವಳು ಬೇರೇನೂ ಮಾಡಲಿಲ್ಲ. ದಿನಕ್ಕೆ ನೂರಿಪ್ಪತ್ತು ತಪ್ಪು. ಅಕ್ಷರ ನುಂಗಿದಳು, ಸಾಲು ಅದಲುಬದಲು ಮಾಡಿದಳು, ಒಂದೇ ಸಾಲಿಗೆ ಎರಡೆರಡು ಚುಕ್ಕೆ ಇಟ್ಟಳು. ಮೊದಮೊದಲು ಪಾಲಕರು ವಾಪಸ್ ಕಳಿಸ್ತಿದ್ರು: 'ಇದರಲ್ಲಿ ಶ್ರಮ ಕಾಣ್ತಿದೆ. ಮನಸ್ಸನ್ನ ಬೇರೆ ಕಡೆ ಇಟ್ಟು ಇನ್ನೊಮ್ಮೆ ತಪ್ಪಿ.' ಅವಳು ಟೀವಿ ಹಾಕ್ಕೊಂಡು ಕೂತಳು. ಆಮೇಲೆ ಒಂದೂ ವಾಪಸ್ ಬರಲಿಲ್ಲ.

"ಅಕ್ಕಾ, ಕಾಲೇಜು ಬಿಟ್ಟ ಮೇಲೆ ಮೊದಲನೇ ಸಲ ನನ್ನ ವಿದ್ಯೆಗೆ ಬೆಲೆ ಬಂತು," ಅಂದಳು.

"ಬಿಡೋ ಮುಂಚೆನೂ ಇದನ್ನೇ ಮಾಡ್ತಿದ್ದೆ, ಆಗ ಫೇಲ್ ಅಂತಿದ್ರು," ಅಂದಳು ಅಕ್ಕ ಅಡುಗೆಮನೆಯಿಂದ.

ಸಾಲು ದಡದಡ ಸರಿಯಿತು. ತಿಂಗಳು ಮುಗಿಯೋಕೆ ಎರಡು ದಿನ ಇದೆ ಅನ್ನೋವಾಗ ಗಂಟೆಯಣ್ಣನ ಟೋಕನ್ ಕರೆದರು. ಅವನು ತಲೆ ಬಾಚ್ಕೊಂಡು ಕಂಪ್ಯೂಟರ್ ಮುಂದೆ ಕೂತ. ಪರದೆ ಮೇಲೆ ಬಂತು: 'ತಮಗೆ ಹಂಚಿಕೆಯಾದ ತಪ್ಪು: ಅರವತ್ತೆರಡನೇ ಪುಟ, ಹೆಚ್ಚುವರಿ ಚುಕ್ಕೆ.'

"ಆ ಚುಕ್ಕೆ ನಂದೇ ಭಾವ," ಅಂದಳು ನಾದಿನಿ, ಸ್ವಲ್ಪ ಹೆಮ್ಮೆಯಿಂದ.

ಮತ್ತೆ ಪಾಲಕರಿಗೆ ಕಾಲ್ ಹೋಯಿತು. "ಹದಿನಾಲ್ಕನೇ ಪುಟದ್ದು ಕೊಡಿ ಸ್ವಾಮಿ, ಕೈ ಮುಗೀತೀನಿ."

"ಅದು ಹೆಂಗ್ರೀ ಕೊಡೋದು? ಅದು ಮೂಲ ತಪ್ಪು. ಮನುಷ್ಯರು ನಿಜವಾಗ್ಲೂ ಮಾಡಿದ್ದು. ಅಂಥವು ಇರೋದೇ ಒಂಬತ್ತು. ಹೊಸ ದಾಸ್ತಾನು ಬಂದಮೇಲೆ ಅವನ್ನ ಸಂರಕ್ಷಿತ ಅಂತ ಘೋಷಿಸಿದ್ದೀವಿ. ನಿಮ್ಮ ಚುಕ್ಕೆ ತೆಗೀತೀರೋ, ಹಿಂದಿರೋರಿಗೆ ಬಿಡ್ತೀರೋ?"

ಗಂಟೆಯಣ್ಣ ಚುಕ್ಕೆ ತೆಗೆದ. ಕಣ್ಣಲ್ಲಿ ನೀರು ಬಂತು. ಸರ್ಟಿಫಿಕೇಟೂ ಬಂತು.

ತಿಂಗಳ ಕೊನೇ ದಿನ, ಗಂಟೆ ಹೊಡ್ಕೊಂಡು ನಿಂತ ಮೇಲೆ, ಅವನು ಆ ಸರ್ಟಿಫಿಕೇಟನ್ನೇ ಎರಡು ಕೈಯಲ್ಲಿ ಹಿಡ್ಕೊಂಡು ಮೇಡಂ ಮುಂದೆ ಹೋದ. ಮೇಡಂ ಎರಡು ಸಲ ಓದಿದರು.

"ಕೈಪಿಡಿ ತಿದ್ದಿದ್ದೀಯಾ?"

"ಒಂದು ಚುಕ್ಕೆ ತೆಗೆದೆ ಮೇಡಂ."

"ಮತ್ತೆ ಏಳು?"

"ಅದು ಸಂರಕ್ಷಿತ ಅಂತೆ."

ಮೇಡಂ ಕುರ್ಚಿಯಿಂದ ಎದ್ದರು. "ಸಂರಕ್ಷಿತ! ನಮ್ಮ ಶಾಲೇಲಿ ದಿನಾ ಹೊಡ್ಕೊಳ್ಳೋದು ಸಂರಕ್ಷಿತ ಗಂಟೆ ಅಂತ ಇಷ್ಟು ದಿನ ಯಾಕಯ್ಯ ಹೇಳ್ಲಿಲ್ಲ?"

ಮಧ್ಯಾಹ್ನವೇ ಸುತ್ತೋಲೆ ಬಂತು. ಮೊದಲ ಮೂವತ್ತೆಂಟು ನಿಮಿಷವನ್ನು 'ಶ್ರವಣ' ಎಂಬ ವಿಷಯವೆಂದು ಘೋಷಿಸಲಾಗಿದೆ. ಇಪ್ಪತ್ತೈದು ಅಂಕ. ಬೋಧಕರು: ಗಂಟೆಯಣ್ಣ. ಸಾಫ್ಟ್‌ವೇರಿನ ಪಾಲಕರೂ ಪತ್ರ ಬರೆದು, ಇಂಥ ಅನುಭವಿ ನಮಗೂ ಬೇಕು ಅಂತ ಅವನನ್ನ ತಪ್ಪು ಸಂರಕ್ಷಣಾ ಸಮಿತಿಗೆ ಸೇರಿಸ್ಕೊಂಡರು; ಹದಿನಾಲ್ಕನೇ ಪುಟ ಅವನ ಸುಪರ್ದಿಗೆ ಬಂತು. ಪೀರಿಯಡ್ ಕಳ್ಕೊಂಡ ಗಣಿತದ ಮೇಷ್ಟ್ರನ್ನ ನೆಲಮಾಳಿಗೆಗೆ ಹಾಕಿದರು. ಅಲ್ಲಿ ಗಂಟೆ ಕೇಳಿಸಲ್ಲ. ಡ್ರಿಲ್ ಮೇಷ್ಟ್ರು ಭಾಗಾಕಾರ ಕಲೀತಿದಾರಂತೆ. ಶ್ರವಣದಲ್ಲಿ ಮಕ್ಕಳೆಲ್ಲ ಪಾಸು. ಪೋಷಕರು ಟ್ಯೂಷನ್ ಎಲ್ಲಿ ಅಂತ ವಿಚಾರಿಸೋಕೆ ಶುರು ಮಾಡಿದ್ದಾರೆ.

ಒಂದು ಬೆಳಗ್ಗೆ, ಮೊದಲ ಗಂಟೆ ಶುರುವಾಗೋಕೆ ಐದು ನಿಮಿಷ ಮುಂಚೆ, ಗಂಟೆಯಣ್ಣನ ಪರದೆ ಮೇಲೆ ಒಂದು ತಿದ್ದುಪಡಿ ಬಂತು. ಹದಿನಾಲ್ಕನೇ ಪುಟ. ಏಳನ್ನ ಹೊಡೆದುಹಾಕಿ ಒಂದು. ಕೆಳಗೆ ನಾಲ್ಕು ಸಾಲು: 'ಸ್ವಾಮಿ, ನಾನೂ ಬೇರೆ ಊರಿನ ಶಾಲೇಲಿ ಗಂಟೆ ಹೊಡೆಯೋನು. ಇದು ಸರಿಯಾಗದಿದ್ರೆ ನನ್ನ ಕೆಲಸ ಹೋಗುತ್ತೆ. ಸರ್ಟಿಫಿಕೇಟ್ ಬೇಡ. ಗಂಟೆ ನಿಂತ್ರೆ ಸಾಕು.'

ಗಂಟೆಯಣ್ಣ ಅದನ್ನ ನಿಧಾನವಾಗಿ ಓದಿದ. ನಾದಿನಿಗೆ ಫೋನ್ ಮಾಡಿದ.

"ಒಪ್ಪಿಗೆ ಕೊಟ್ಬಿಡಿ ಭಾವ. ಒಂದು ಕ್ಲಿಕ್ಕು, ಅಷ್ಟೇ. ಪಾಪ ಅನ್ಸಲ್ವಾ?"

"ಕೊಟ್ರೆ ನಾಳೆಯಿಂದ ನಾನೂ ಒಂದೇ ಒತ್ತಬೇಕು. ಗಂಟೆ ನಿಲ್ಲುತ್ತೆ. ಶ್ರವಣ ಹೋಗುತ್ತೆ. ಮೇಷ್ಟ್ರು ಮೇಲೆ ಬರ್ತಾರೆ, ನಾನು ಕೆಳಗೆ ಹೋಗ್ತೀನಿ."

"ಹ್ಞೂಂ. ಉತ್ತರ ಏನ್ ಬರೀತೀರಿ ಮತ್ತೆ?"

ಒಂದು ಬೆರಳಲ್ಲಿ ಹುಡುಕಿ ಹುಡುಕಿ ಗಂಟೆಯಣ್ಣ ಬರೆದ: 'ಮಾನ್ಯರೇ, ಸದರಿ ತಪ್ಪು ಸಂರಕ್ಷಿತವಾಗಿರುತ್ತದೆ. ತಮ್ಮ ಟೋಕನ್ ಸಂಖ್ಯೆ ಸಾವಿರದ ಎಂಟುನೂರ ಎಪ್ಪತ್ತೊಂದು. ಧನ್ಯವಾದಗಳು.'

"ಧನ್ಯವಾದ ಯಾಕೆ ಭಾವ?"

"ಪಾಪ ಅನ್ನಿಸ್ತಲ್ಲ, ಅದಕ್ಕೆ."

ಗಂಟೆ ಶುರುವಾಯಿತು. ಮಕ್ಕಳು ಒಳಗೆ ಬಂದು, ಶ್ರವಣದ ನೋಟ್‌ಬುಕ್ ತೆಗೆದು, ಬೆನ್ನು ನೆಟ್ಟಗೆ ಮಾಡಿ ಕೂತರು. ಒಂದನೇ ಗುಂಡಿ ಮೇಲೆ ಧೂಳು ಕೂತಿತ್ತು. ಗಂಟೆಯಣ್ಣ ಅದನ್ನ ಅಂಗಿ ತುದಿಯಿಂದ, ಎಲ್ಲಿ ಒತ್ತಿಹೋಗುತ್ತೋ ಅಂತ ಹುಷಾರಾಗಿ ಒರೆಸಿದ. ಕಿವಿಗೆ ಹತ್ತಿ ಇಟ್ಕೊಂಡ. ಏಳು ಒತ್ತಿದ. ಹೊರಗೆ ಬಂದು ಬಾಗಿಲು ಹಾಕ್ಕೊಂಡ.