ನೆಟ್ಟಗಾದ ಹನ್ನೆರಡನೆಯ ಕಂಪ್ಯೂಟರ್

ಚಿಕ್ಕೋಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಯಿತು. ನನ್ನ ಬಾಗಿಲಿಗೆ ಸತ್ತ ಯಂತ್ರಗಳೇ ಬರುತ್ತವೆ, ಬದುಕಿರುವುದನ್ನು ಯಾರೂ ತಂದು ತೋರಿಸುವುದಿಲ್ಲ. ಯಾವಾಗ ನೋಡಿದರೂ ಮಣ್ಣಿಗೆ ಹೋಗಿಬಂದವನ ಮುಖ ಎಂದು ಹೆಂಡತಿಯ ದೂರು. ನಗು ಬರುವಂಥದ್ದು ನಡೆಯುತ್ತಲೇ ಇರುತ್ತದೆ, ನನಗೆ ಮಾತ್ರ ನಗಲು ಆಗುವುದಿಲ್ಲ. ಈ ಮಳೆಗಾಲ ಅಥಣಿ ಕಡೆಯ ಒಂದು ಹೈಸ್ಕೂಲಿನಲ್ಲಿ ಆದದ್ದನ್ನೇ ಕೇಳಿ.

೧. ಇಲ್ಲದವನ ಹಾದಿ

ಶಾಲೆಗೆ ಯಾರೋ ಹನ್ನೆರಡು ಹಳೆಯ ಕಂಪ್ಯೂಟರ್ ದಾನ ಕೊಟ್ಟಿದ್ದರು. ಒಂದೊಂದರಲ್ಲೂ ಒಂದೇ ಪ್ರೊಸೆಸರ್. ಅವಕ್ಕೆ ಹಾಕಿದ್ದ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್, ಅಂದರೆ ಒಳಗಿನ ಯಜಮಾನ, ಎರಡು ಪ್ರೊಸೆಸರಿನ ಯಂತ್ರಕ್ಕೆಂದು ಕಟ್ಟಿದ್ದು. ಅದು ಮೊದಲನೆಯದನ್ನು ಎಬ್ಬಿಸಿ, ಇಲ್ಲದ ಎರಡನೆಯದನ್ನು ಕರೆಯುತ್ತ ನಿಂತುಬಿಡುತ್ತಿತ್ತು.

"ಎಷ್ಟೊತ್ತು ಕಾಯ್ತೈತ್ರಿ?" ಹೆಡ್‌ಮಾಸ್ತರರು ಕೇಳಿದರು.

"ಕರೆಂಟ್ ಇರೂತನಕಾ ಕಾಯ್ತೈತ್ರಿ."

"ಹಂಗಾರ ಭಾಳೊತ್ತಿಲ್ಲ ಬಿಡ್ರಿ."

ಕಂಪ್ಯೂಟರ್ ಕಲಿಸುವ ಅಕ್ಕೋರು ನಗಲಿಲ್ಲ. ಅವರದು ತಾತ್ಕಾಲಿಕ ಕೆಲಸ. ಶುಕ್ರವಾರ ಶಾಲೆ ನಡೆಸುವ ಸಂಸ್ಥೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು, ಅಷ್ಟರಲ್ಲಿ ಲ್ಯಾಬ್ ನಡೆಯದಿದ್ದರೆ ಹುದ್ದೆಯೇ ರದ್ದು. "ರಾಯಬಾಗದಿಂದ ಎರಡ್ ಬಸ್ ಬದ್ಲಿಸಿ ಬರ್ತೇನ್ರಿ. ಮನ್ಯಾಗ ದುಡಿಯಾಕಿ ನಾ ಒಬ್ಬಾಕಿನ," ಎಂದರು.

೨. ಹೆಡ್‌ಮಾಸ್ತರರ ಲೆಕ್ಕ

ಮರುದಿನ ಹೆಡ್‌ಮಾಸ್ತರರು ಉಪಾಯ ಹುಡುಕಿಕೊಂಡೇ ಬಂದಿದ್ದರು. "ಆರರಾಗಿನ ಪ್ರೊಸೆಸರ್ ತಗೀರಿ, ಉಳಿದ ಆರಕ್ಕ ಹಾಕ್ರಿ. ಎರಡೆರಡು ಆದವಿಲ್ಲ?"

"ಕೂಡಸಾಕ ಜಾಗಾ ಬೇಕಲ್ರಿ ಸರ. ಬೋರ್ಡಿನ್ಯಾಗ ಒಂದ ಮನಿ ಐತಿ."

"ಅಡ್ಜಸ್ಟ್ ಮಾಡ್ರಿ. ನಮ್ಮ ಒಂದೊಂದ್ ಬೆಂಚಿನ್ಯಾಗ ಐದೈದ್ ಹುಡುಗ್ರು ಕುಂತಿಲ್ಲೇನು?"

ಗಣಿತ ಕಲಿಸುವವರೂ ಅವರೇ. ವಾದ ಮಾಡುವ ಧೈರ್ಯವಾಗಲಿಲ್ಲ.

೩. ಒಳಗಿನ ಬಾಡಿಗೆದಾರರು

ಬುಧವಾರ ಒಂದು ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ತುಂಬ ಇರುವೆ. ಧೂಳು ಊದುವ ಬ್ಲೋಯರ್ ಎತ್ತಿದೆ. ಹೆಡ್‌ಮಾಸ್ತರರು ಜೈನರು, ಅದರಲ್ಲೂ ಚಾತುರ್ಮಾಸ. ಓಡಿಬಂದು ಕೈ ಹಿಡಿದರು. "ಜೀವ ಅದಾವ್ರಿ! ತಾವ ಹೋಗ್ತಾವ, ತಡೀರಿ." ಡಬ್ಬಿಯ ಮುಂದೆ ಕಾಗದ ಹಾಸಿ, ಅಡುಗೆಕೋಣೆಯಿಂದ ಸಕ್ಕರೆ ತರಿಸಿ ಚೆಲ್ಲಿದರು. ನಾವು ಮೂವರೂ ಮಧ್ಯಾಹ್ನದವರೆಗೆ ಸುಮ್ಮನೆ ಕೂತು ನೋಡಿದೆವು. ಅಕ್ಕೋರು ನಡುನಡುವೆ ಕ್ಯಾಲೆಂಡರನ್ನೂ ನೋಡುತ್ತಿದ್ದರು. ಇರುವೆಗಳು ಸಾಲಾಗಿ ಬಂದವು, ಸಕ್ಕರೆ ಹೊತ್ತವು, ವಾಪಸು ಡಬ್ಬಿಯೊಳಗೇ ಹೋದವು.

೪. ತಪಾಸಣೆ

ಗುರುವಾರ ಕೊನೆಗೂ ದಾರಿ ಸಿಕ್ಕಿತು. "ಇರುವುದು ಒಂದೇ ಪ್ರೊಸೆಸರ್, ಇನ್ನೊಂದಕ್ಕೆ ಕಾಯಬೇಡ" ಎಂದು ಕರ್ನಲ್ಲಿಗೆ ತಿಳಿಸುವ ಒಂದು ಸಾಲನ್ನು ಹನ್ನೆರಡರಲ್ಲೂ ಟೈಪ್ ಮಾಡಿದೆ. ಒಂದು ಯಂತ್ರ ಚೆಂದಾಗಿ ಶುರುವಾಗಿ, ಪರದೆಯ ಮೇಲೆ ಹೂವಿನ ಚಿತ್ರ ಬಂತು. ಅಕ್ಕೋರ ಕಣ್ಣಲ್ಲಿ ನೀರು. ಉಳಿದ ಹನ್ನೊಂದು ಒಂದು ಹೆಜ್ಜೆ ಮುಂದೆ ಹೋಗಿ ಮುಗ್ಗರಿಸಿದವು. ಕಪ್ಪು ಪರದೆ ತುಂಬ ಬಿಳಿ ಅಕ್ಷರ ಸರಸರ ಓಡುವುದು, ಆರುವುದು, ತಾನೇ ಮತ್ತೆ ಶುರುವಾಗುವುದು. ಕತ್ತಲಾಗುವವರೆಗೆ ಹೆಣಗಿ, ಅಕ್ಕೋರ ಮುಖ ನೋಡಲಾರದೆ ಮನೆಗೆ ಬಂದೆ. ಇವರ ಅನ್ನಕ್ಕೆ ನಾನೇ ಕಲ್ಲು ಹಾಕಿದೆ ಎಂದು ರಾತ್ರಿ ಊಟ ಸೇರಲಿಲ್ಲ.

ಶನಿವಾರ ಅಕ್ಕೋರ ಫೋನು. "ಸರ, ನನ್ನ ಕೆಲಸ ಉಳೀತ್ರಿ!"

"ಹೆಂಗ್ರಿ?"

"ಸಾಹೇಬ್ರು ಬಂದ್ರು. ಹನ್ನೊಂದರಾಗೂ ಅಕ್ಷರ ಓಡಾಕತ್ತಿದ್ವು, ಹುಡುಗ್ರು ಬಾಯಿ ತಕ್ಕೊಂಡು ನೋಡಾಕತ್ತಿದ್ರು. ಇದೇನ್ ನಡದೈತಿ ಅಂದ್ರು. ನಾ ಖರೇನ ಹೇಳಿದ್ನಿ, ಚಾಲೂ ಆಗಾಕತ್ತಾವ್ರಿ ಅಂತ. ಶಾಬಾಸ್, ಹಳ್ಳಿ ಸಾಲ್ಯಾಗ ಇಷ್ಟು ದೊಡ್ಡ ಕೆಲಸ! ಅಂತ ಬರದು, ಮುಂದಿನ ವರ್ಷಕ್ಕೂ ನಾನ ಇರಬೇಕಂತ ಸಹಿ ಮಾಡಿ ಹೋದ್ರು."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಕ್ಕೋರು ಮಾತ್ರ ದನಿ ತಗ್ಗಿಸಿದರು.

"ಒಂದ ಕೊರತಿ ಬರದಾರ್ರಿ. ಹನ್ನೆರಡನೇದು ಬರೇ ಹೂವಿನ ಫೋಟೋ ತೋರಸ್ತೈತಿ, ಕೆಲಸ ಮಾಡವಲ್ದು, ಲಗೂನ ರಿಪೇರಿ ಆಗ್ಬೇಕು ಅಂತ. ಸೋಮವಾರ ಬಂದು ಅದನ್ನೂ ಉಳಿದವುಗಳ ಹಂಗ ಮಾಡಿಕೊಡ್ರಿ."

ಹೋಗಿ ಮಾಡಿಕೊಟ್ಟೆ. ಇಪ್ಪತ್ತು ವರ್ಷದಲ್ಲಿ ಒಂದೇ ಏಟಿಗೆ ಮುಗಿದ ರಿಪೇರಿ ಅದೊಂದೇ.