ಬೇವಿನ ಗಿಡದ ಕೆಳಗೆ ದಣಿದು ಕುಂತವರು

ಸಂತಪುರದ ಕೈಲಾಶನಿಗೆ ಬೀದರಿನಲ್ಲಿ ಬಾಡಿಗೆ ಮನೆ ಸಿಕ್ಕಿದ್ದೇ ದೊಡ್ಡ ಪುಣ್ಯ. ಮಾಲಕ ನಂದಕುಮಾರ ಮಾಸ್ತರರದು ಒಂದೇ ಶರತ್ತು: "ಪಡಸಾಲ್ಯಾಗಿನ ಚಿತ್ರ ನಮ್ಮವ್ವ ಹಾಕಿದ್ದು. ಅದಕ್ಕ ಕೈ ಹಚ್ಚಬ್ಯಾಡ್ರಿ." ಚಿತ್ರದಲ್ಲಿ ತಾಯಿ ಮರಿಯಮ್ಮ ಕೂಸು ಯೇಸುವನ್ನು ಮಡಿಲಲ್ಲಿಟ್ಟುಕೊಂಡು ಗಿಡದ ಕೆಳಗೆ ಕೂತಿದ್ದಳು. ಪಕ್ಕದಲ್ಲಿ ಕೂತ ಗಂಡ ಯೋಸೇಫ, ಹಿಂದೊಂದು ಕತ್ತೆ.

ಆವತ್ತು ಭಾಲ್ಕಿಯ ತವರಿನಿಂದ ಹೆಂಡತಿ ಪ್ರಣಾಲಿಯನ್ನೂ ಎಳೆಕೂಸನ್ನೂ ಕರೆತರಬೇಕಿತ್ತು. ಕೈಲಾಶ ಕಸ ಹೊಡೆಯುತ್ತಿದ್ದಾಗ ಎದುರುಮನೆ ಈರಮ್ಮ ಕರೆಯದೆಯೇ ಒಳಗೆ ಬಂದಳು. ಚಿತ್ರ ನೋಡಿದವಳೇ ಸೆರಗು ಬಾಯಿಗೆ ಹಚ್ಚಿದಳು.

"ತಮ್ಮಾ, ಇವರು ಕೂಸಿನ ಜೀವಕ್ಕ ಹೆದರಿ ಮನಿ ಬಿಟ್ಟು ಓಡಿ ಹೊಂಟವರೋ! ಇವರನ್ನ ಎದುರಿಗಿಟ್ಟುಕೊಂಡು ಯಾರ ಸಂಸಾರ ನೆಟ್ಟಗ ನಿಂತೀತು?"

ಬೆನ್ನಿಗೇ ಪಕ್ಕದ ಮನೆಯ ಬಾಬುಮಿಯಾ ಇಣುಕಿದ. "ಹಿಂದಿನ ಬಾಡಿಗಿಯವರು ರಾತೋರಾತ್ ಖಾಲಿ ಮಾಡಿದ್ರು ನೋಡ್ರಿ. ಚಿತ್ರದಾಗಿನ ಆ ಹೆಣ್ಮಗಳ ಕಣ್ಣು ಬಾಗಿಲ ಕಡೀಗೇ ಅದಾವ. ಮುಂದಿನ ಪಾಳಿ ಯಾರದಂತ ಕಾಯ್ಲಿಕತ್ತಾಳ."

ಕೈಲಾಶ ನಕ್ಕು ಇಬ್ಬರನ್ನೂ ಸಾಗಹಾಕಿದ. ಆದರೆ ಯಾವ ಮೂಲೆಗೆ ಹೋದರೂ ಆ ಕಣ್ಣುಗಳು ಹಿಂದೆಯೇ ಬರತೊಡಗಿದವು. ನೀರು ಕುಡಿದು ಬಂದರೆ ಕತ್ತೆ ತುಸು ಮುಂದೆ ಸರಿದಂತಿತ್ತು! ಇಂಥಲ್ಲಿ ಕೂಸನ್ನು ಮಲಗಿಸುವುದು ಹ್ಯಾಗೆ? ಚಿತ್ರ ಇಳಿಸಿ, ಮನೆ ಮುಂದಿನ ಬೇವಿನ ಗಿಡಕ್ಕೆ ಆನಿಸಿಟ್ಟು, ಹೊರಗಿನಿಂದ ಕೀಲಿ ಹಾಕಿ ಭಾಲ್ಕಿ ಬಸ್ಸು ಹತ್ತಿದ.

ಹೊತ್ತು ಮುಳುಗುವಾಗ ಹೆಂಡತಿ, ಕೂಸಿನೊಂದಿಗೆ ಬಂದರೆ ತನ್ನ ಕೀಲಿಯ ಮೇಲೆ ಇನ್ನೊಂದು ಕೀಲಿ! ಗಿಡದ ಬುಡದಲ್ಲಿ ಚಿತ್ರವಿಲ್ಲ. ಫೋನ್ ಮಾಡಿದರೆ ಮಾಸ್ತರರು ಆಗಲೇ ಔರಾದ ಊರಿಗೆ ಹೋಗಿದ್ದರು.

"ನಮ್ಮವ್ವನ ಚಿತ್ರ ಮಣ್ಣಾಗ ಇಡ್ತೀ ಏನು? ನನ್ನ ಹತ್ರ ಇದ್ದ ಕೀಲಿಕೈಲೆ ಬಾಗಿಲ ತಗದು, ಅದನ್ನ ಜಾಗಾಕ್ಕ ಹಾಕಿ, ಮ್ಯಾಲೊಂದು ಕೀಲಿ ಜಡದ ಬಂದೇನಿ!"

"ಅವರು ಓಡಿ ಹೊಂಟವರಂತ್ರಿ..." ಕೈಲಾಶ ತೊದಲಿದ.

"ಓಡಿ ಹೊಂಟವರಲ್ಲೋ, ದಣಿದು ಕುಂತವರು! ಅಂಥವರನ್ನ ಎಬ್ಬಿಸಿ ಹೊರಗ ಹಾಕ್ದಿ. ಈಗ ನೀ ಹೊರಗ ಕುಂದ್ರು. ಮುಂಜಾನಿ ಬರ್ತೇನಿ."

ಕೂಸು ಅತ್ತಿತು. ಪ್ರಣಾಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬೇವಿನ ಕೆಳಗೆ ಕೂತಳು. ಗಂಟು ಹೊತ್ತಿದ್ದ ಕೈಲಾಶ ಪಕ್ಕದಲ್ಲೇ ಕುಸಿದ. ಎಲ್ಲಿಂದಲೋ ಅಗಸರ ಕತ್ತೆಯೊಂದು ಬಂದು ಸುಮ್ಮನೆ ಹಿಂದೆ ನಿಂತಿತು. ದಾರಿದೀಪ ಹತ್ತಿದಾಗ ಬೆಳಕು ಕಿಟಕಿಯೊಳಗೆ ಬಿದ್ದು ಚಿತ್ರ ಕಂಡಿತು.

"ಏನ್ರಿ," ಪ್ರಣಾಲಿ ಪಿಸುಗುಟ್ಟಿದಳು, "ಒಳಗಿನವರು ನಮ್ಮನ್ನೇ ನೋಡ್ಲಿಕತ್ತಾರ."

ಅಷ್ಟರಲ್ಲಿ ಈರಮ್ಮ ಚಹಾ ತಂದಳು. ಕೈಲಾಶನಿಗೆ ಜೀವ ಬಂದಂತಾಯಿತು. "ಅಕ್ಕಾ, ಒಂದ ರಾತ್ರಿ ನಿಮ್ಮ ಮನ್ಯಾಗ..." ಎನ್ನುತ್ತ ಏಳಹೋದ.

ಈರಮ್ಮ ಕಿಟಕಿ ನೋಡಿದಳು, ಕತ್ತೆ ನೋಡಿದಳು. ಚಹಾ ನೆಲಕ್ಕಿಟ್ಟು ಹಿಂದೆ ಸರಿದಳು.

"ಏಳಬ್ಯಾಡ ತಮ್ಮಾ, ಅಲ್ಲೇ ಕುಂತು ಕುಡಿ. ಚಿತ್ರದಾಗ ನೀ ಎದ್ದಿಲ್ಲ."