ಹಾಲು ಉಕ್ಕಿದ ಇನ್ನೂರಾ ಹನ್ನೆರಡು ಪ್ಲಾಟುಗಳು

ಹಾಲು ಉಕ್ಕಿದ ಜಾಗದಲ್ಲಿ ಜನ ವಾಸವಾಗಿದ್ದಾರೆಂದು ಭಾವಿಸತಕ್ಕದ್ದು. ಇದು ನಮ್ಮ ಅವಳಿನಗರ ವಾಸನಿರ್ಣಯ ಕಚೇರಿಯ ಏಳನೆಯ ನಿಯಮ. ಜಾರಿಗೆ ಬಂದು ಎರಡು ವರ್ಷವಾಯಿತು, ಇದುವರೆಗೆ ಅದರ ವಿರುದ್ಧ ಒಂದೇ ಒಂದು ದೂರು ಬಂದಿಲ್ಲ. ಒಂದು ಬಂದಿತ್ತು, ಅದನ್ನು ಮನವಿಯೆಂದು ಪರಿಗಣಿಸಿ ವಿಲೇವಾರಿ ಮಾಡಿದೆವು. ನಾನು ಆ ಕಚೇರಿಯ ದ್ವಿತೀಯ ದರ್ಜೆ ಸಹಾಯಕ ನೀಲಕಂಠಪ್ಪ. ಹಾಲು ಉಕ್ಕಿತೋ ಇಲ್ಲವೋ ಎಂದು ಸ್ಥಳದಲ್ಲಿ ನಿಂತು ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಸರಕಾರಿ ಕೆಲಸದಲ್ಲಿ ಇಷ್ಟು ಕಣ್ಣಿಗೆ ಕಾಣುವಂಥದ್ದು ಇನ್ನೊಂದಿಲ್ಲ.

ಧಾರವಾಡದಿಂದ ಮುಗದದ ಕಡೆ ಹೋಗುವ ರಸ್ತೆಯ ಪಕ್ಕ, ಮೊದಲು ಭತ್ತ ಬೆಳೆಯುತ್ತಿದ್ದ ಹೊಲದಲ್ಲಿ, ಶಿವಾನುಗ್ರಹ ಬಡಾವಣೆ ಇದೆ. ಕಮಾನು ಇದೆ, ಕಮಾನಿನ ಮೇಲೆ ಎರಡು ಸಿಮೆಂಟಿನ ನವಿಲುಗಳಿವೆ, ಒಳಗೆ ಇನ್ನೂರಾ ಹನ್ನೆರಡು ಪ್ಲಾಟುಗಳಿವೆ, ಪ್ಲಾಟಿಗೆ ನಾಲ್ಕರಂತೆ ಗಡಿಕಲ್ಲುಗಳಿವೆ. ಮನೆ ಇಲ್ಲ. ಪ್ಲಾಟು ಕೊಂಡವರು ರವಿವಾರ ಹುಬ್ಬಳ್ಳಿಯಿಂದ ಕಾರಿನಲ್ಲಿ ಸಂಸಾರಸಮೇತ ಬಂದು, ಪಕ್ಕದವರ ಕಲ್ಲಿಗಿಂತ ತಮ್ಮ ಕಲ್ಲು ನೆಟ್ಟಗಿದೆಯೆಂದು ಖಾತ್ರಿ ಮಾಡಿಕೊಂಡು, ಕಟ್ಟಿಸಿಕೊಂಡು ಬಂದ ಗಿರಮಿಟ್ಟು ಮಿರ್ಚಿ ತಿಂದು, ರೇಟು ಎಷ್ಟು ಏರಿತೆಂದು ಮಾತಾಡಿ ತಿರುಗಿ ಹೋಗುತ್ತಾರೆ. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ.

ಆಗ ಮೇಲಿನಿಂದ ಖಾಲಿ ನಿವೇಶನ ತೆರಿಗೆ ಬಂದಿತು. ಖಾಲಿ ಬಿಟ್ಟ ಪ್ಲಾಟಿಗೆ ಹತ್ತು ಪಟ್ಟು ತೆರಿಗೆ, ಜನ ವಾಸವಿದ್ದರೆ ಮಾಫಿ. ತೆರಿಗೆಗೆ ಅಂಜಿ ಉಳ್ಳವರು ಪ್ಲಾಟು ಮಾರುತ್ತಾರೆ, ಬೆಲೆ ಇಳಿಯುತ್ತದೆ, ಮನೆಯಿಲ್ಲದವರು ಕೊಂಡು ಮನೆ ಕಟ್ಟಿಕೊಳ್ಳುತ್ತಾರೆ ಎಂಬುದು ಉದ್ದೇಶ. ಉದ್ದೇಶವನ್ನು ಸುತ್ತೋಲೆಯ ಮೊದಲ ಪುಟದಲ್ಲಿ ಹಾಕಿದ್ದರು. ನಮ್ಮ ಕಚೇರಿಯಲ್ಲಿ ಸುತ್ತೋಲೆಯನ್ನು ಎರಡನೆಯ ಪುಟದಿಂದ ಓದುವ ಪದ್ಧತಿ.

ವಿಶೇಷಾಧಿಕಾರಿ ಯಜ್ಞೇಶ್ವರ ಸಾಹೇಬರು ಪ್ಲಾಟಿನ ಮಾಲಕರನ್ನೆಲ್ಲ ವಿಚಾರಣೆಗೆ ಕರೆದರು. ಮಾಲಕರ ಪರವಾಗಿ ಬಡಾವಣೆ ಮಾಡಿದ ಬಸವಪ್ರಭು ಅವರೇ ಎದ್ದು ನಿಂತರು. ಇವರ ಅಜ್ಜ ಅರಳೆ ವ್ಯಾಪಾರ ಮಾಡಿದರು, ಅಪ್ಪ ಅರಳೆಯನ್ನೂ ಹೊಲವನ್ನೂ ಮಾರಿದರು, ಇವರು ಹೊಲವನ್ನಷ್ಟೇ ಮಾರುತ್ತಾರೆ. ರೇಟು ಏರಲೆಂದು ನೂರಾ ಹತ್ತು ಪ್ಲಾಟುಗಳನ್ನು ತಮ್ಮ ಹೆಸರಿನಲ್ಲಿಯೇ ಇಟ್ಟುಕೊಂಡಿದ್ದರು.

“ಸಾಹೇಬ್ರ, ವಾಸ ಅಂದ್ರ ಏನ್ರಿ?” ಎಂದು ಕೇಳಿದರು.

“ಮನಿ ಇರಬೇಕ್ರಿ,” ಎಂದರು ಸಾಹೇಬರು.

“ಗ್ವಾಡಿ ಇದ್ದರ ಮನಿ ಆಗತೈತೇನ್ರಿ? ನಮ್ಮ ಅರಳಿ ಗೋದಾಮಿಗೂ ನಾಕ ಗ್ವಾಡಿ ಅದಾವ. ನಮ್ಮ ಹಿರ್ಯಾರು ಹೊಸಾ ಮನಿ ಹೊಕ್ಕಾಗ ಮದಲ ಏನ್ ಮಾಡ್ತಿದ್ರು? ಒಲಿ ಹಚ್ಚಿ ಹಾಲ ಉಕ್ಕಸ್ತಿದ್ರು. ಹಾಲ ಉಕ್ಕಿದ ಮ್ಯಾಲೇ ಅದು ಮನಿ. ಗ್ವಾಡಿ ಇವತ್ತಲ್ಲ ನಾಳೆ ಬರತಾವ.”

ಸಾಹೇಬರ ಕಣ್ಣುಗಳು ತುಂಬಿ ಬಂದವು. ಅವರ ಅತ್ತೆಯ ಹೆಸರಿನಲ್ಲಿ ಅದೇ ಬಡಾವಣೆಯಲ್ಲಿ ಒಂದು ಪ್ಲಾಟು ಇರುವುದಕ್ಕೂ ಈ ಕಣ್ಣೀರಿಗೂ ಸಂಬಂಧವಿಲ್ಲವೆಂದು ನಾನೇ ಟಿಪ್ಪಣಿಯಲ್ಲಿ ದಾಖಲಿಸಿದ್ದೇನೆ. ಅಂದೇ ಸಂಜೆಯೊಳಗೆ ಏಳನೆಯ ನಿಯಮ ತಯಾರಾಯಿತು. ಹಾಲು ಅರ್ಧ ಲೀಟರಿಗೆ ಕಡಿಮೆ ಇರಬಾರದು. ಉಕ್ಕಿದ ಹಾಲು ನೆಲ ಮುಟ್ಟಬೇಕು. ಕಾದು ಉಕ್ಕದೆ ಉಳಿದರೆ ಅರ್ಧವಾಸವೆಂದು ತಿಳಿದು ಅರ್ಧ ತೆರಿಗೆ ವಸೂಲು ಮಾಡತಕ್ಕದ್ದು. ಸದರಿ ವಾಸವನ್ನು ವರ್ಷಕ್ಕೊಮ್ಮೆ ನವೀಕರಿಸತಕ್ಕದ್ದು.

ಮಾಲಕರಲ್ಲಿ ಒಬ್ಬರಾದ ನಿವೃತ್ತ ಶಿಕ್ಷಕ ಸೀಲಾಸ ಮಾಸ್ತರರು ಎದ್ದು, “ನಾವು ಪ್ರಾರ್ಥನಾ ಮಾಡಿ ಮನಿ ಹೊಗತೇವ್ರಿ. ಹಾಲಿಂದು ನಮಗೂ ಲಾಗೂ ಆಗತೈತೇನ್ರಿ?” ಎಂದು ವಿನಯದಿಂದ ಕೇಳಿದರು. ತೆರಿಗೆ ಎಲ್ಲರಿಗೂ ಲಾಗೂ ಇರುವುದರಿಂದ ಹಾಲೂ ಎಲ್ಲರಿಗೂ ಲಾಗೂ ಎಂದು ಸಾಹೇಬರು ತೀರ್ಪು ಕೊಟ್ಟರು. ಹಾಲು ಕಾಯುವಷ್ಟು ಹೊತ್ತು ಪ್ರಾರ್ಥನೆ ಮಾಡಿಕೊಳ್ಳಲು ಮಾಸ್ತರರಿಗೆ ಅನುಮತಿ ಸಿಕ್ಕಿತು.

ಒಂದು ತೊಡಕು ಉಳಿಯಿತು. ವಾಸ ಪ್ರಮಾಣಪತ್ರದಲ್ಲಿ ವಾಸವಿರುವವರ ಹೆಸರು ಬರೆಯಬೇಕು. ಮಾಲಕರು ತಮ್ಮ ಹೆಸರು ಕೊಡುವಂತಿರಲಿಲ್ಲ, ಏಕೆಂದರೆ ಅವರೆಲ್ಲ ಹುಬ್ಬಳ್ಳಿಯ ಸ್ವಂತ ಮನೆಯಲ್ಲಿ ವಾಸವಿದ್ದೇವೆಂದು ಬರೆದುಕೊಟ್ಟು ಅಲ್ಲಿಯ ರಿಯಾಯಿತಿಯನ್ನೂ ಪಡೆದಿದ್ದರು. ಆಗ ಸೀಲಾಸ ಮಾಸ್ತರರು ಯಂಕವ್ವನನ್ನು ಸೂಚಿಸಿದರು. ಯಂಕವ್ವ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮಾಸ್ತರರ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದಳು. ಐವತ್ತು ದಾಟಿದ ಹೆಂಗಸು, ಒಂಟಿ, ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದು ಬದುಕುವವಳು. ಮೂವತ್ತು ವರ್ಷ ಒಲೆಯ ಮುಂದೆ ಕುಳಿತು ಹಾಲು ಉಕ್ಕದಂತೆ ನೋಡಿಕೊಂಡವಳಿಗೆ ಉಕ್ಕಿಸುವುದು ಕಷ್ಟವಾಗಲಾರದೆಂದು ಮಾಲಕರು ಒಪ್ಪಿದರು. ಪ್ಲಾಟಿಗಿಷ್ಟು ಎಂದು ಕೂಲಿ, ಪಾತ್ರೆಯಲ್ಲಿ ಉಳಿದ ಹಾಲು ಆಕೆಗೆ.

“ಒಬ್ಬಾಕಿ ಇನ್ನೂರಾ ಹನ್ನೆರಡು ಮನ್ಯಾಗ ಹ್ಯಾಂಗ ಇರತಾಳ್ರಿ?” ಎಂದು ಸಾಹೇಬರು ಆಕ್ಷೇಪಿಸಿದರು. ಅವರು ಕರ್ತವ್ಯನಿಷ್ಠರು.

“ನಾ ಒಬ್ಬಾವ ನೂರಾ ಹತ್ತು ಪ್ಲಾಟ ಇಟಗೊಂಡೇನಿ,” ಎಂದರು ಬಸವಪ್ರಭು. “ಅದು ಹ್ಯಾಂಗ ಅಂತ ನೀವು ಒಮ್ಮೆರ ಕೇಳೀರೇನ್ರಿ?”

ಸಾಹೇಬರು ಕೇಳಿರಲಿಲ್ಲ. ವಾದ ಸಮಂಜಸವಾಗಿದೆ ಎಂದು ಬರೆದು ಸಹಿ ಹಾಕಿದರು.

ಮೊದಲ ಪ್ಲಾಟಿನಲ್ಲಿ ಸ್ಟೋವ್ ಹಚ್ಚುವ ಮುಂಚೆ ಯಂಕವ್ವ ನನ್ನನ್ನು ಪಕ್ಕಕ್ಕೆ ಕರೆದು, “ಸಾಹೇಬ್ರ, ಒಂದು ಕೇಳತೇನ್ರಿ. ಸರಕಾರದ ಮನಿಗೆ ಅರ್ಜಿ ಹಾಕೇನಿ. ಹನ್ನೊಂದು ವರ್ಷ ಆತು. ಈಗ ಪಾಳಿ ಮೂರಕ್ಕ ಬಂದೇತಂತ. ಈ ಕಾಗದದಾಗ ನನ್ನ ಹೆಸರ ಹಾಕಿದ್ರ ಅದಕ್ಕೇನರ ತ್ರಾಸ ಆಗತೈತೇನ್ರಿ?” ಎಂದಳು.

“ಏನೂ ಆಗೂದಿಲ್ಲ ಬೇ ಯವ್ವಾ,” ಎಂದೆ. “ಅದು ಬ್ಯಾರೆ ಆಫೀಸು, ಇದು ಬ್ಯಾರೆ ಆಫೀಸು. ಅವರ ಕಾಗದ ನಮಗ ಮುಟ್ಟೂದಿಲ್ಲ, ನಮ್ಮದು ಅವರಿಗೆ ಮುಟ್ಟೂದಿಲ್ಲ.”

ಇಪ್ಪತ್ತೆರಡು ವರ್ಷದ ನೌಕರಿಯ ಅನುಭವದಿಂದ ಹೇಳಿದ ಮಾತು ಅದು. ಆಕೆ ನಂಬಿದಳು.

ಹನ್ನೊಂದು ದಿನ ಹಾಲು ಉಕ್ಕಿಸಿದೆವು. ಬಯಲಿನಲ್ಲಿ ಗಾಳಿ ಜೋರು. ಯಂಕವ್ವ ಗಾಳಿಗೆ ಬೆನ್ನು ಕೊಟ್ಟು, ಸೆರಗನ್ನು ಸುತ್ತಿಕೊಂಡು, ತಗಡಿನ ತುಂಡೊಂದನ್ನು ಸ್ಟೋವಿಗೆ ಮರೆಮಾಡಿ ಕುಳಿತಿರುತ್ತಿದ್ದಳು. ಹಾಲು ಮೇಲೇರಿದಾಗಲೆಲ್ಲ ಆಕೆಯ ಕೈ ತಾನಾಗಿ ಇಕ್ಕಳದ ಕಡೆ ಹೋಗುತ್ತಿತ್ತು. “ಇಳಸಬ್ಯಾಡ, ಇಳಸಬ್ಯಾಡ,” ಎಂದು ನಾನು ಪ್ರತಿ ಸಲ ನೆನಪಿಸಬೇಕಾಯಿತು. ಮಣ್ಣಿಗೆ ಬಿದ್ದ ಹಾಲನ್ನು ನೋಡಿ ಆಕೆ ಲೊಚಗುಟ್ಟುತ್ತಿದ್ದಳು. ಮುಗದದ ನಾಯಿಗಳು ಮೂರನೆಯ ದಿನದಿಂದ ನಮಗಿಂತ ಮೊದಲೇ ಬಂದು ಮುಂದಿನ ಪ್ಲಾಟಿನಲ್ಲಿ ಕುಳಿತಿರುತ್ತಿದ್ದವು. ಕೊನೆಗೆ ರಜಿಸ್ಟರಿನಲ್ಲಿ ಇನ್ನೂರಾ ಹನ್ನೆರಡು ಮನೆಗಳು ಭರ್ತಿಯಾದವು. ತೆರಿಗೆ ಮಾಫಿಯಾಯಿತು.

ಜನವಸತಿ ಇಷ್ಟು ತುಂಬಿದ ಮೇಲೆ ಸರಕಾರ ಸುಮ್ಮನಿರಲು ಬರುವುದಿಲ್ಲ. ಬಡಾವಣೆಯನ್ನು ಜನನಿಬಿಡ ಪ್ರದೇಶವೆಂದು ಘೋಷಿಸಿ ನೋಂದಣಿಯ ಮಾರ್ಗಸೂಚಿ ದರವನ್ನು ಎರಡು ಪಟ್ಟು ಮಾಡಿದರು. ಬಸವಪ್ರಭು ಕಮಾನಿನ ಪಕ್ಕ ದೊಡ್ಡ ಫಲಕ ಹಾಕಿಸಿದರು: “ಪೂರ್ಣ ಜನವಸತಿ. ಗದ್ದಲ ಇಲ್ಲ. ಕೆಲವೇ ಪ್ಲಾಟುಗಳು ಬಾಕಿ.” ಬರಿಯ ಬಯಲಿಗೇ ಇಷ್ಟು ಬೆಲೆಯಾದರೆ ಗೋಡೆ, ನಳ, ಪಾಯಖಾನೆ ಇರುವ ತಮ್ಮ ಮನೆಗಳಿಗೆ ಎಷ್ಟಾಗಬೇಕೆಂದು ಕೇಶ್ವಾಪುರದವರು ಲೆಕ್ಕ ಹಾಕಿದರು. ಓಣಿಯಲ್ಲೆಲ್ಲ ಬಾಡಿಗೆ ಏರಿತು.

ಸೀಲಾಸ ಮಾಸ್ತರರು ಒಳ್ಳೆಯವರು. ಹೊಸ ಬಾಡಿಗೆ ಕೊಡಲು, ಇಲ್ಲವೆ ಖೋಲಿ ಬಿಡಲು ಯಂಕವ್ವನಿಗೆ ಎರಡು ತಿಂಗಳ ಸಮಯ ಕೊಟ್ಟರು. “ನೋಡ ಯಂಕವ್ವ, ಓಣಿಯಾಗ ಎಲ್ಲಾರೂ ಏರಿಸ್ಯಾರ, ನಾ ಒಬ್ಬಾವ ಏರಿಸಲಿಲ್ಲ ಅಂದ್ರ ಚಂದ ಕಾಣೂದಿಲ್ಲ. ಮ್ಯಾಲ ನಿನಗ ಅಷ್ಟು ಮನಿ ಅದಾವ, ನನಗ ಇದೊಂದ,” ಎಂದರಂತೆ. ತಮಾಷೆಗೆ ಹೇಳಿದರೋ ಖರೇನೋ ಆಕೆಗೆ ತಿಳಿಯಲಿಲ್ಲ. ಅಷ್ಟು ಹೊತ್ತಿಗೆ ಮಾಸ್ತರರಿಗೂ ತಿಳಿದಿರಲಿಕ್ಕಿಲ್ಲ.

ಅದೇ ತಿಂಗಳು ಸರಕಾರದ ಮನೆಯ ಪಾಳಿ ಆಕೆಗೆ ಬಂದಿತು. ಆ ಕಚೇರಿಯವರು ಎಲ್ಲ ಕಚೇರಿಗಳ ಕಾಗದಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸುವ ಹೊಸ ವ್ಯವಸ್ಥೆಯನ್ನು ಹಿಂದಿನ ವಾರವಷ್ಟೇ ಉದ್ಘಾಟಿಸಿದ್ದರು. ಆಕೆಗೆ ಬಂದ ಉತ್ತರವನ್ನು ಯಥಾವತ್ತಾಗಿ ಕೊಡುತ್ತೇನೆ: “ಅರ್ಜಿದಾರರು ಈಗಾಗಲೇ ಇನ್ನೂರಾ ಹನ್ನೆರಡು ಮನೆಗಳಲ್ಲಿ ವಾಸವಾಗಿರುವುದು ದೃಢಪಟ್ಟಿದ್ದು, ಇನ್ನೂ ಒಂದು ಮನೆ ಕೇಳಿರುವುದು ಅತಿಯಾಸೆ ಎಂದು ಕಂಡುಬಂದಿರುತ್ತದೆ. ಅರ್ಜಿ ವಜಾ.”

ಆ ಕಾಗದ ಹಿಡಿದು ಆಕೆ ನನ್ನ ಟೇಬಲ್ಲಿಗೆ ಬಂದಳು. ಬಯ್ಯುತ್ತಾಳೆಂದುಕೊಂಡೆ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಎರಡು ಆಫೀಸು ಬೇರೆ ಬೇರೆ ಎಂದು ಹೇಳಿದವನು ನಾನೇ.

“ಹಂಗಾರ ಅದರಾಗ ಒಂದರಾಗ ಹೋಗಿ ಇರತೇನ್ರಿ ಸಾಹೇಬ್ರ,” ಎಂದಳು. “ಇನ್ನೂರಾ ಹನ್ನೊಂದು ನನಗ ಬ್ಯಾಡ.”

ಮರುದಿನ ಆಕೆ ಒಂದು ಟ್ರಂಕು, ರೊಟ್ಟಿಯ ಹಂಚು, ಸ್ಟೋವ್ ಮತ್ತು ನೀಲಿ ತಾಡಪಾಲು ತೆಗೆದುಕೊಂಡು ಬಡಾವಣೆಗೆ ಹೋಗಿ, ಅರವತ್ತೊಂದನೆಯ ಪ್ಲಾಟಿನಲ್ಲಿ ಗುಡಿಸಲು ಹಾಕಿದಳು.

ರವಿವಾರ ಕಾರುಗಳು ಬಂದವು. ಮಾಲಕರು ಗುಡಿಸಲನ್ನು ನೋಡಿ ಗಾಬರಿಯಾದರು. ಸೋಮವಾರವೇ ಬಸವಪ್ರಭು ಕಚೇರಿಗೆ ಬಂದರು. ಅವರ ಮುಖ ಸಣ್ಣದಾಗಿತ್ತು.

“ಸಾಹೇಬ್ರ, ಯಾರರ ಬಂದು ಇರಾಕತ್ತರ ಲೇಔಟಿನ ರೇಟ ಏನಾಗಬೇಕ್ರಿ? ವಾಸ ಐತಿ ಅಂತ ನಾವು ಪ್ಲಾಟ ಮಾರತೇವಿ, ಖರೇ. ಆದರ ವಾಸ ಮಾಡವರು ಕಣ್ಣಿಗೆ ಕಾಣಬಾರದು. ಬಟ್ಟಿ ಒಣ ಹಾಕ್ಯಾಳ್ರಿ ಆಕಿ.”

ಯಜ್ಞೇಶ್ವರ ಸಾಹೇಬರು ನಿಯಮಗಳನ್ನೆಲ್ಲ ತಿರುವಿ ಹಾಕಿ ಒಂದು ಅಪರಾಧವನ್ನು ಕಂಡುಹಿಡಿದರು. ಅರವತ್ತೊಂದನೆಯ ಪ್ಲಾಟಿನಲ್ಲಿ ಯಂಕವ್ವ ಹಾಲು ಉಕ್ಕಿದ ದಿನದಿಂದಲೇ ವಾಸವಾಗಿದ್ದಾಳೆ. ಈಗಾಗಲೇ ವಾಸವಿರುವ ಜಾಗಕ್ಕೆ ಪುನಃ ವಾಸ ಮಾಡಲು ಬಂದದ್ದರಿಂದ ಇದು ದುಬಾರಾ ವಾಸವಾಗುತ್ತದೆ. ಮೂರು ದಿನದೊಳಗೆ ತೆರವು ಮಾಡಬೇಕು. ನೋಟೀಸನ್ನು ಆಕೆಯ ವಾಸಸ್ಥಳಕ್ಕೆ ಮುಟ್ಟಿಸಬೇಕೆಂಬ ಕಾಯದೆ ಇರುವುದರಿಂದ ಇನ್ನೂರಾ ಹನ್ನೆರಡು ಪ್ರತಿ ತೆಗೆಸಿ ಎಲ್ಲ ಪ್ಲಾಟಿನ ಗಡಿಕಲ್ಲಿಗೆ ಅಂಟಿಸುವ ಕೆಲಸ ನನಗೆ ಬಂದಿತು.

ಬಡಾವಣೆಗೆ ಹೋಗಿ ನೋಡಿದರೆ ಚೀಲದಲ್ಲಿ ನೋಟೀಸುಗಳಿದ್ದವು, ಅಂಟು ಮರೆತು ಬಂದಿದ್ದೆ. ಯಂಕವ್ವ ವಿಷಯ ಕೇಳಿ, ಡಬ್ಬಿಯಿಂದ ಎರಡು ಹಿಡಿ ಮೈದಾ ತೆಗೆದು, ನೀರಿನಲ್ಲಿ ಕಲಸಿ, ಸ್ಟೋವಿನ ಮೇಲೆ ತಿರುವಿ ತಿರುವಿ ಗಟ್ಟಿ ಅಂಟು ಕಾಯಿಸಿ ಕೊಟ್ಟಳು. “ಬಿಸಿಲಿಗೆ ಲಗೂ ಒಣಗತೈತಿ, ಲಗೂ ಹಚ್ಚರಿ,” ಎಂದಳು. ಬಿಸಿಲು ಹೆಚ್ಚಾದ ಮೇಲೆ ಅರ್ಧ ನೋಟೀಸುಗಳನ್ನು ಆಕೆಯೇ ಅಂಟಿಸಿದಳು. ನನ್ನ ಸೊಂಟ ನೋಯುತ್ತಿತ್ತು. ನಾಚಿಕೆಯೂ ಆಗುತ್ತಿತ್ತು, ಆದರೆ ಅದನ್ನು ಬರೆಯಲು ರಜಿಸ್ಟರಿನಲ್ಲಿ ಕಾಲಂ ಇಲ್ಲ.

ಆದರೆ ಆಕೆಯನ್ನು ದೂರ ಕಳಿಸಿಬಿಡಲು ಮಾಲಕರಿಗೆ ಮನಸ್ಸಿರಲಿಲ್ಲ. ನವೀಕರಣದ ದಿನ ಹತ್ತಿರ ಬರುತ್ತಿತ್ತು, ಹಾಲು ಉಕ್ಕಿಸಲು ಆಕೆಯೇ ಬೇಕು. ಪ್ಲಾಟಿನಲ್ಲಿ ಇರಬಾರದು, ಊರು ಬಿಡಲೂಬಾರದು. ಸಾಹೇಬರು ಎರಡು ದಿನ ಯೋಚಿಸಿ ದಾರಿ ತೋರಿಸಿದರು. ಬಡಾವಣೆಯ ಒಳರಸ್ತೆ ಮೂವತ್ತು ಅಡಿ ಅಗಲವಿದೆ. ರಸ್ತೆಗೆ ಮಾರ್ಗಸೂಚಿ ದರವಿಲ್ಲ. ಗುಡಿಸಲನ್ನು ಫಲಕದ ಹಿಂದೆ, ಕಾರಿನಲ್ಲಿ ಬರುವವರಿಗೆ ಕಾಣದಂತೆ, ರಸ್ತೆಯ ಅಂಚಿಗೆ ಸರಿಸಬಹುದು. ಅದು ಒತ್ತುವರಿ ಆಗುವುದಿಲ್ಲವೇ ಎಂದು ನಾನು ಕೇಳಿದೆ.

“ಅಲ್ಲಿ ಹಾಲ ಉಕ್ಕೇತೇನು?” ಎಂದರು ಸಾಹೇಬರು.

“ಇಲ್ರಿ.”

“ಮತ್ತ ವಾಸ ಎಲ್ಲಿ ಬಂತೋ ಮಾರಾಯಾ?”

ಒಂದೇ ಷರತ್ತು ಹಾಕಿದರು: ರಸ್ತೆಯ ಮೇಲೆ ಆಕೆ ಯಾವ ಕಾರಣಕ್ಕೂ ಹಾಲು ಕಾಯಿಸಬಾರದು. ಯಂಕವ್ವ ಒಪ್ಪಿದಳು. ಮಾಲಕರು ಒಪ್ಪಿದರು. ಸೀಲಾಸ ಮಾಸ್ತರರು ಹಳೆಯ ಕಂಬಳಿಯೊಂದನ್ನು ಕಳಿಸಿಕೊಟ್ಟರು.

ಕಳೆದ ವಾರ ರಸ್ತೆಯ ವಾರ್ಷಿಕ ಪಂಚನಾಮೆಗೆ ಹೋಗಿದ್ದೆ. ಯಂಕವ್ವ ಆಗತಾನೆ ಮೊದಲ ಬಸ್ಸಿಗೆ ಹೋಗಿ ರೊಟ್ಟಿ ಬಡಿದು ಬಂದಿದ್ದಳು. ತಾಡಪಾಲಿನ ಮುಂದೆ ಕಸ ಗುಡಿಸಿ, ನೀರು ಚಿಮುಕಿಸಿ, ಸಣ್ಣದೊಂದು ರಂಗೋಲಿ ಹಾಕಿದ್ದಳು. ನನಗೆ ಕುಳಿತುಕೊಳ್ಳಲು ಟ್ರಂಕು ಕೊಟ್ಟು ಕರೀ ಚಹಾ ಮಾಡಿದಳು. ಬೆಲ್ಲ, ಶುಂಠಿ ಹಾಕಿದ್ದಳು, ಚೆನ್ನಾಗಿತ್ತು. ಕುಡಿಯುತ್ತ ನಾನು ಬರೆದೆ: “ಸದರಿ ರಸ್ತೆಯನ್ನು ಖುದ್ದಾಗಿ ಪರಿಶೀಲಿಸಲಾಗಿ, ಇಲ್ಲಿ ಯಾರೂ ವಾಸವಿರುವುದಿಲ್ಲ.”

ಪಂಚನಾಮೆಗೆ ಸ್ಥಳೀಯರೊಬ್ಬರ ಸಾಕ್ಷಿ ಬೇಕಾಗುತ್ತದೆ. ಸುತ್ತ ನೋಡಿದೆ. ಇದ್ದವಳು ಆಕೆಯೊಬ್ಬಳೇ.

ಯಂಕವ್ವ ಸೆರಗಿಗೆ ಕೈ ಒರೆಸಿಕೊಂಡು, ನಾನು ಬರೆದದ್ದನ್ನು ಅಕ್ಷರ ಅಕ್ಷರ ಕೂಡಿಸಿ ಪೂರ್ತಿ ಓದಿದಳು. “ಬರೋಬ್ಬರಿ ಐತ್ರಿ,” ಎಂದು ಸಹಿ ಮಾಡಿದಳು. ಆಮೇಲೆ ಪೆನ್ನು ಹಿಡಿದುಕೊಂಡೇ, “ವಿಳಾಸ ಅಂತ ಐತಲ್ರಿ, ಅಲ್ಲೇನ್ ಬರೀಲಿ?” ಎಂದು ಕೇಳಿದಳು.

“ಇನ್ನೂರಾ ಹನ್ನೆರಡರಾಗ ಯಾವದರ ಒಂದು ಬರಿ ಬೇ,” ಎಂದೆ.

ಆಕೆ ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಆ ತುದಿಯಿಂದ ಈ ತುದಿಯವರೆಗೆ ಎಲ್ಲ ಪ್ಲಾಟುಗಳನ್ನು ಸಾವಕಾಶ ನೋಡಿದಳು. ಒಂದೆರಡನ್ನು ಮನಸ್ಸಿನಲ್ಲಿಯೇ ಬೇಡವೆಂದು ಬಿಟ್ಟಂತೆ ಕಂಡಿತು. ಕೊನೆಗೆ ಕುಳಿತು, ನೂರಾ ನಾಲ್ಕು ಎಂದು ಬರೆದಳು. ಅದು ಮೂಲೆಯ ಪ್ಲಾಟು, ಪೂರ್ವಕ್ಕೆ ಮುಖ.